ಮಗಳಿಗೆ ಚಿತ್ರಕಥೆ: ದಪ್ಪ ರಟ್ಟಿನ ಸೆಟ್ಟಾ, ತೆಳು ಪುಸ್ತಕವಾ?

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದದ್ದು ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳು. ಸೋತದ್ದು 900 ರೂಪಾಯಿ ಕೊಟ್ಟು ಆನ್‌ಲೈನಲ್ಲಿ ತರಿಸಿದ, ಮನೆಮಂದಿಯ ಕಥೆಗಳ ಹತ್ತು ಪುಸ್ತಕದ ಸೆಟ್ಟು.

ಸೆಟ್ಟಿನ ಚಿತ್ರ ಚೆಂದ. ದಪ್ಪ ರಟ್ಟು, ಹರಿಯುವ ಭಯವಿಲ್ಲ. ತೊಂದರೆ ಇದ್ದದ್ದು ಅಕ್ಷರದಲ್ಲಿ. ಫಾಂಟ್ ಕೆಟ್ಟು ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡಿದ್ದವು. ‘ಅಮ್ಮ’ ಇರಬೇಕಾದಲ್ಲಿ ‘ಅಮ್‌ಮ’, ‘ಅಜ್ಜಿ’ ಇರಬೇಕಾದಲ್ಲಿ ‘ಅಜ್‌ಜಿ’. ಹಣ್ಣು ತರಕಾರಿ ಪುಸ್ತಕವಾದರೆ ಹೇಗೋ ನಡೆಯುತ್ತಿತ್ತು. ಆದರೆ ಅಪ್ಪ, ಅಕ್ಕ, ಅಣ್ಣ, ಅತ್ತೆ, ಚಿಕ್ಕಪ್ಪ... ನಮ್ಮಲ್ಲಿ ಒತ್ತಿಲ್ಲದ ನೆಂಟರು ಎಷ್ಟು ಜನ? ಮಾವ, ತಂಗಿ ಬಚಾವ್.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳು ಒಂದನೇ ಕ್ಲಾಸು, ಕನ್ನಡ ಮೀಡಿಯಂ. ಹೊರಗೆ ಹೋದರೆ ಕಣ್ಣಿಗೆ ಬೀಳುವುದು ಜಾಸ್ತಿ ಮಲಯಾಳವೇ. ಕನ್ನಡ ಅಕ್ಷರ ಸಿಗುವುದು ಶಾಲೆಯಲ್ಲಿ, ಮನೆಯ ಪುಸ್ತಕದಲ್ಲಿ. ಅಲ್ಲೂ ತಪ್ಪಾದರೆ? ಅವಳು ಬೆರಳಿಟ್ಟು ‘ಅಮ್... ಮ’ ಅಂತ ತುಂಡು ಮಾಡಿ ಓದಿದಳು. "ಅಪ್ಪಾ, ಟೀಚರ್ ಅಡಿಯಲ್ಲಿ ಒತ್ತು ಬರೀತಾರೆ. ಇದರಲ್ಲಿ ಎಲ್ಲಿ?"

ಮೂರು ಪುಸ್ತಕಕ್ಕೆ ನಾನೇ ಪೆನ್ನಿನಲ್ಲಿ ಒತ್ತು ಹಾಕಿದೆ. ನುಣುಪು ಹಾಳೆ, ಶಾಯಿ ಒಣಗಲಿಲ್ಲ. ಅಜ್ಜಿಯ ಬಿಳಿ ಸೀರೆಯೆಲ್ಲ ನೀಲಿ. ವಾಪಸ್ ಕೊಡೋಣವೆಂದರೆ, ಪ್ಯಾಕ್ ಒಡೆದಿದ್ದೀರಿ, ಆಗುವುದಿಲ್ಲ ಅಂದರು.

ಪ್ರಥಮ್‌ನ ಪುಸ್ತಕ ಇವಳ ಕೈಯಲ್ಲಿ ಬೇಗ ಕಿವಿ ಮಡಚಿಕೊಳ್ಳುತ್ತದೆ, ನಿಜ. ಆದರೆ ಒತ್ತು ತನ್ನ ಜಾಗದಲ್ಲಿದೆ! ಓದಿನ ಮಟ್ಟ 1ರಿಂದ 4 ಅಂತ ಹಾಕಿರುತ್ತಾರೆ. ನಾನು ಸದ್ಯ ಮೊದಲೆರಡರ ಆಚೆ ಹೋಗುವುದಿಲ್ಲ. ಅವರೇ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕಥೆಗಳು ಧರ್ಮಕ್ಕೆ ಸಿಗುತ್ತವೆ. ಮೊದಲು ಅಲ್ಲಿ ಓದಿಸುತ್ತೇನೆ. ಮೂರನೇ ಸಲವೂ ಅದೇ ಕಥೆ ಬೇಕು ಅಂತ ಹಟ ಹಿಡಿದರೆ ಮಾತ್ರ ಪುಸ್ತಕ ಕೊಳ್ಳುವುದು. ಹೀಗಾಗಿ ಖರ್ಚು ಕೈಮೀರಿಲ್ಲ. ಫೋನಿನದ್ದೊಂದೇ ಕಷ್ಟ: ಹತ್ತು ನಿಮಿಷಕ್ಕೆ ಬೆರಳು ಯೂಟ್ಯೂಬಿಗೆ ಜಾರುತ್ತದೆ.

ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯದ್ದೂ ಎರಡು ತಂದಿದ್ದೆ. ಇವಳಿಗೆ ಸಾಲು ಜಾಸ್ತಿಯಾಯಿತು. ಎರಡು ವರ್ಷ ಬಿಟ್ಟು ನೋಡುತ್ತೇವೆ.

ಆ ರಟ್ಟಿನ ಸೆಟ್ಟು ಈಗ ಇವಳ ತಮ್ಮನದು. ಒಂದೂವರೆ ವರ್ಷದವನಿಗೆ ಒತ್ತಿನ ಹಂಗಿಲ್ಲ. ಸುಮ್ನೆ ಕೂತು ಮೂಲೆ ಚೀಪುತ್ತಾನೆ.