ಇಇಜಿನಾ, ಎಫ್‌ಎಂಆರ್‌ಐನಾ?

ಮಿಂಚಿ ಮರೆಯಾದ ಚಿತ್ರ ಮಿದುಳಿನಲ್ಲಿ ಎಷ್ಟು ಹೊತ್ತು ಇರುತ್ತದೆ, ಗಮನ ಸೆಳೆಯುವ ಒಂದು ಸುಳಿವು ಅದನ್ನು ಹೇಗೆ ಬದಲಿಸುತ್ತದೆ ಅಂತ ಪ್ರಾಜೆಕ್ಟ್ ಮಾಡುವವರಿಗೆ ಮೊದಲ ತಲೆನೋವೇ ಇದು: ತಲೆಗೆ ಎಲೆಕ್ಟ್ರೋಡ್ ಹಚ್ಚಿ ಮಿದುಳಿನ ವಿದ್ಯುತ್ ಸಂಕೇತ ಅಳೆಯುವ ಇಇಜಿಯೋ, ಅಯಸ್ಕಾಂತದ ಸ್ಕ್ಯಾನರ್‌ನಲ್ಲಿ ಮಿದುಳಿನ ಚಟುವಟಿಕೆ ನೋಡುವ ಎಫ್‌ಎಂಆರ್‌ಐಯೋ?

1960ರಲ್ಲಿ ಮನೋವಿಜ್ಞಾನಿ ಜಾರ್ಜ್ ಸ್ಪರ್ಲಿಂಗ್ ಎರಡೂ ಇಲ್ಲದೆ ಕೆಲಸ ಮುಗಿಸಿದ್ದರು ಬಿಡಿ. ಮೂರು ಸಾಲಿನಲ್ಲಿ 12 ಅಕ್ಷರ, ಬರೀ 50 ಮಿಲಿಸೆಕೆಂಡ್. ಎಲ್ಲಾ ಹೇಳಿ ಅಂದರೆ ನಾಲ್ಕೈದು ಮಾತ್ರ ಬರುತ್ತಿತ್ತು. ಆದರೆ ಅಕ್ಷರ ಮಾಯವಾದ ತಕ್ಷಣ ಒಂದು ಸದ್ದು ಮಾಡಿ ಇಂಥ ಸಾಲು ಅಂತ ಸೂಚಿಸಿದರೆ ಆ ಸಾಲಿನ ನಾಲ್ಕರಲ್ಲಿ ಮೂರು ಹೇಳುತ್ತಿದ್ದರು. ಸದ್ದು ಒಂದು ಸೆಕೆಂಡ್ ತಡವಾದರೆ ಲಾಭವೇ ಇಲ್ಲ.

ಇಷ್ಟು ಚುರುಕಾದ ಆಟಕ್ಕೆ ಎಫ್‌ಎಂಆರ್‌ಐ ನಿಧಾನ. ಅದು ಅಳೆಯುವುದು ರಕ್ತದ ಆಮ್ಲಜನಕದ ಏರಿಳಿತ. ಆ ಏರಿಕೆ ತುದಿ ಮುಟ್ಟಲು ಐದಾರು ಸೆಕೆಂಡ್ ಬೇಕು, ಹಾಗಾಗಿ ಚಿತ್ರದ್ದೂ ಸುಳಿವಿನದ್ದೂ ಕಲಸಿಹೋಗುತ್ತದೆ. ಇಇಜಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಹಿಡಿಯುತ್ತದೆ. ಎಡಕ್ಕೆ ಗಮನ ಕೊಟ್ಟರೆ ತಲೆಯ ಬಲ ಹಿಂಭಾಗದಲ್ಲಿ ಆಲ್ಫಾ ಅಲೆ (ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ ಮಿದುಳಿನ ವಿದ್ಯುತ್ ಲಯ) ತಗ್ಗುವುದು ಚೆನ್ನಾಗಿ ಕಾಣುತ್ತದೆ. ಖರ್ಚೂ ಕಡಿಮೆ.

ಆದರೆ ನೆನಪಿನಲ್ಲಿ ಉಳಿದದ್ದು ಏನು, ಕಾರ್ಟೆಕ್ಸ್‌ನ (ಮಿದುಳಿನ ಹೊರಪದರದ) ಯಾವ ಭಾಗದಲ್ಲಿ ಅನ್ನುವುದು ಪ್ರಶ್ನೆಯಾದರೆ ಎಫ್‌ಎಂಆರ್‌ಐಯೇ ಸರಿ. 2009ರಲ್ಲಿ ಹ್ಯಾರಿಸನ್ ಮತ್ತು ಟಾಂಗ್ ಎಂಬ ಸಂಶೋಧಕರು ಎರಡು ಗೆರೆಪಟ್ಟಿ ಚಿತ್ರ ತೋರಿಸಿ, ಆಮೇಲೆ ಯಾವುದನ್ನು ನೆನಪಿಡಬೇಕು ಅಂತ ಸುಳಿವು ಕೊಟ್ಟರು. ಖಾಲಿ ಪರದೆ ನೋಡುತ್ತಾ ಕಾಯುವಾಗಲೂ ನೋಟವನ್ನು ನಿಭಾಯಿಸುವ ದೃಶ್ಯ ಕಾರ್ಟೆಕ್ಸ್‌ನ ಚಟುವಟಿಕೆಯ ವಿನ್ಯಾಸದಿಂದಲೇ ಗೆರೆಯ ದಿಕ್ಕನ್ನು ಓದಲು ಆಯಿತು. ಇಲ್ಲಿ ಕಾಯುವ ಹೊತ್ತು ಉದ್ದ, ಅದಕ್ಕೇ ಯಂತ್ರದ ನಿಧಾನ ಅಡ್ಡಿಯಾಗಲಿಲ್ಲ.

ಮೊದಲ ಪ್ರಯೋಗವಾದರೆ ನನ್ನ ಓಟು ಇಇಜಿಗೆ. ಆದರೆ ಅದರಲ್ಲಿ ಕಣ್ಣು ಮಿಟುಕಿಸಿದರೂ ಸಂಕೇತ ಕೆಡುತ್ತದೆ, ನೋಟ ಕದಲಿದರಂತೂ ಅದು ಗಮನವೋ ಕಣ್ಣಿನ ಓಟವೋ ಅಂತ ಹೇಳೋದೇ ಕಷ್ಟ, ಹಾಗಾಗಿ ಕಣ್ಣು ಎತ್ತ ನೋಡುತ್ತಿದೆ ಅಂತ ಹಿಡಿಯುವ ಐ ಟ್ರ್ಯಾಕರ್ ಜೊತೆಗಿರಲಿ.