ಕ್ರೂಷಿಯಲ್ 16 ಜಿಬಿ ಡಿಡಿಆರ್4 ಜೋಡಿ: ಮನೆಯ ಡೆಸ್ಕ್‌ಟಾಪ್‌ನಲ್ಲಿ 2023ರಿಂದ

ನೋಡಲು ಏನೂ ಇಲ್ಲದ ರ‍್ಯಾಮ್ ಇದು. ತೆರೆದ ಕೆಲಸಗಳನ್ನು ಕಂಪ್ಯೂಟರ್ ಆ ಹೊತ್ತಿಗೆ ಇಟ್ಟುಕೊಳ್ಳುವ ಮೆಮೊರಿ. ಬಣ್ಣದ ದೀಪವಿಲ್ಲ, ಅಲ್ಯುಮಿನಿಯಂ ಹೊದಿಕೆಯಿಲ್ಲ. ಬೋಳು ಪಟ್ಟಿ, ಅದರ ಮೇಲೊಂದು ಸ್ಟಿಕರ್, ಅಷ್ಟೇ. 3200 ವೇಗ, ಸಿಎಲ್22 (ಉತ್ತರಿಸಲು ತೆಗೆದುಕೊಳ್ಳುವ ತಡದ ಅಳತೆ), 1.2 ವೋಲ್ಟ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದಾಗ ಒಂದೊಂದು ಸ್ಟಿಕ್ಕಿಗೆ ಮೂರು ಸಾವಿರದ ಆಸುಪಾಸು ಬಿತ್ತು. ಈವರೆಗೆ ತಕರಾರಿಲ್ಲದೆ ಕೆಲಸ ಮಾಡುತ್ತಿದೆ. ಆದರೆ ರ‍್ಯಾಮ್ ಕೊಳ್ಳುವಾಗ ಕಂಪನಿ ಹೆಸರಿಗಿಂತ ಮೊದಲು ನೋಡಬೇಕಾದದ್ದು ನಿಮ್ಮ ಮದರ್‌ಬೋರ್ಡನ್ನು.

ನಮ್ಮದು ಅಸೆಂಬಲ್ ಮಾಡಿಸಿದ ಮಷೀನು: ಇಂಟೆಲ್ ಐ5-10400 ಪ್ರೊಸೆಸರ್, ಎಚ್410 ಬೋರ್ಡು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇದ್ದದ್ದು ಒಂದೇ 8 ಜಿಬಿ ಸ್ಟಿಕ್. ಹೆಂಡತಿ ಜಿಎಸ್‌ಟಿ ಕೆಲಸಕ್ಕೆ ಟ್ಯಾಲಿ ಜೊತೆ ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಡುತ್ತಾಳೆ. ಮಗ ಫೋನ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ ಕಲಿಯತೊಡಗಿದ ಮೇಲೆ ಎಮ್ಯುಲೇಟರ್ (ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನ್) ಶುರು ಮಾಡಿದರೆ ಮೌಸ್ ಕೂಡ ಕುಂಟುತ್ತಿತ್ತು.

ಕಂಪ್ಯೂಟರ್ ನಿಧಾನ ಅಂದಕೂಡಲೇ ರ‍್ಯಾಮ್ ಹಾಕಿಸಿ ಎನ್ನುವವರ ಮಾತು ಕೇಳಬೇಡಿ. ಎಂದಿನ ಕೆಲಸಗಳನ್ನೆಲ್ಲ ತೆರೆದಿಟ್ಟು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ನೋಡಿ. ಮೆಮೊರಿ ಶೇ. 90 ದಾಟಿ ಅಲ್ಲೇ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಜಾಗವಿಲ್ಲದೆ ವಿಂಡೋಸ್ ಡಿಸ್ಕಿಗೆ ಬರೆಯುತ್ತಾ, ಅಲ್ಲಿಂದ ಓದುತ್ತಾ ಒದ್ದಾಡುತ್ತಿರುತ್ತದೆ. ಮೆಮೊರಿ ಅರ್ಧ ಖಾಲಿಯಿದ್ದೂ ಡಿಸ್ಕ್ ಶೇ. 100ರಲ್ಲಿದ್ದರೆ ಆ ದುಡ್ಡಿಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ತನ್ನಿ. ಸ್ಟಿಕ್ ಕೂರಿಸುವ ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಅನ್ನುವುದೂ ಅದೇ ಪುಟದಲ್ಲಿ ಇರುತ್ತದೆ, ಕ್ಯಾಬಿನೆಟ್ ಬಿಚ್ಚಬೇಕಾಗಿಲ್ಲ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ದೀಪ ಹೊಳೆಯುವ 3600 ಸ್ಟಿಕ್ಕು. "ಸರ್, ಗೇಮಿಂಗ್‌ಗೂ ಆಗುತ್ತೆ" ಅಂದರು. ಆದರೆ ಐ5-10400ಕ್ಕೆ ಇಂಟೆಲ್ ಹೇಳುವ ಮಿತಿಯೇ 2666, ಅದನ್ನು ಮೀರಲು ಎಚ್410 ಬಿಡುವುದಿಲ್ಲ. 3600 ಹಾಕಿದರೂ ಓಡುವುದು 2666ರಲ್ಲೇ. ನಾನು ತಂದ 3200 ಕೂಡ ಹಾಗೇ ಓಡುತ್ತಿದೆ. 2666ರ ಬೆಲೆಗೇ ಸಿಕ್ಕಿತೆಂದು ತಂದೆ. ಇನ್ನು ಸಿಎಲ್ ಸಂಖ್ಯೆ: ಅದನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ತಡ ಎಷ್ಟು ನ್ಯಾನೋಸೆಕೆಂಡ್ ಅಂತ ಸಿಗುತ್ತದೆ. 2666 ಸಿಎಲ್19ಕ್ಕೆ 14.25, 3200 ಸಿಎಲ್22ಕ್ಕೆ 13.75. ಟ್ಯಾಲಿಯಲ್ಲಿ ವೋಚರ್ ಹೊಡೆಯುವವರಿಗೆ ಆ ಅರ್ಧ ನ್ಯಾನೋಸೆಕೆಂಡ್ ಕಟ್ಟಿಕೊಂಡು ಏನಾಗಬೇಕು?

ದುಡ್ಡು ಹಾಕಬೇಕಾದದ್ದು ಜೋಡಿಗೆ. ಒಂದೇ ಸ್ಟಿಕ್ ಇದ್ದರೆ 2666ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 21.3 ಜಿಬಿ ಹರಿಯುತ್ತದೆ. ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ಎರಡು ಚಾನೆಲ್‌ನಲ್ಲೂ (ದಾರಿಯಲ್ಲೂ) ಒಂದೊಂದಿದ್ದರೆ ಅದು ದುಪ್ಪಟ್ಟು. ನಮ್ಮಲ್ಲಿರುವಂತೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಗತಿಯಾದರೆ ಅದೂ ಇದೇ ಮೆಮೊರಿಯಿಂದ ಉಣ್ಣುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಳೆಯ 8ರ ಪಕ್ಕ 16 ಕೂರಿಸಿದರೂ ಇಂಟೆಲ್ ಬೋರ್ಡುಗಳು ನಡೆಸಿಕೊಂಡು ಹೋಗುತ್ತವೆ: ಮೊದಲ 16 ಜಿಬಿ ಜೋಡಿಯಾಗಿ, ಉಳಿದ 8 ಒಂಟಿಯಾಗಿ. ಅದನ್ನೇ ಮಾಡೋಣವೆಂದಿದ್ದೆ. ಆದರೆ ಹಳೆಯ ಸ್ಟಿಕ್ ಆಗಾಗ ನೀಲಿ ತೆರೆ (ವಿಂಡೋಸ್ ಕುಸಿದಾಗ ಬರುವ ಪರದೆ) ಕೊಡುತ್ತಿತ್ತು. ನಮ್ಮ ಕಡೆಯ ಎಲ್ಲ ರಿಪೇರಿಯವರಂತೆ ನಾನೂ ಪೆನ್ಸಿಲ್ ರಬ್ಬರ್ ತೆಗೆದುಕೊಂಡು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿದೆ. ಕಾಂಟ್ಯಾಕ್ಟ್ ಕೊಳೆಯಾಗಿದ್ದರೆ ಈ ಉಪಾಯ ನಿಜಕ್ಕೂ ಫಲಿಸುತ್ತದೆ, ಚಿಪ್ಪೇ ಕೆಟ್ಟಿದ್ದರೆ ಇಲ್ಲ. ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿದಾಗ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು ಬಂದವು. ಅದನ್ನು ಕಿತ್ತು ಎರಡು 16 ಹಾಕಿದೆ.

ಹಾಕುವ ಕೆಲಸ ಸುಲಭ. ವೈರ್ ಕಿತ್ತು, ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲೆಂದು ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಸ್ಟಿಕ್ಕಿನ ಕಚ್ಚನ್ನು ಸ್ಲಾಟಿನ ಗೂಟಕ್ಕೆ ಸರಿಹೊಂದಿಸಿ ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಬೇಕು. ಬೋರ್ಡು ಸ್ವಲ್ಪ ಬಾಗಿ ಎದೆ ಝಲ್ಲೆನ್ನುತ್ತದೆ. ಕ್ಲಿಪ್ 'ಟಕ್' ಅನ್ನುವವರೆಗೆ ಬಿಡಬಾರದು. ಮೊದಲ ಸಲ ಆನ್ ಮಾಡಿದಾಗ ತೆರೆ ಕೊಂಚ ಹೊತ್ತು ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ, ಬೋರ್ಡು ಹೊಸ ಮೆಮೊರಿಯನ್ನು ಪರೀಕ್ಷಿಸಿಕೊಳ್ಳುತ್ತಿರುತ್ತದೆ.

ಇಷ್ಟು ಕಾಲ ಬಳಸಿದ ಮೇಲೆ ಹೇಳುವುದಾದರೆ, ವಿಂಡೋಸ್ ಏಳುವ ವೇಗ ಮೊದಲಿನಷ್ಟೇ. ಟ್ಯಾಲಿಯೂ ಮೊದಲಿನಂತೆಯೇ ತೆರೆಯುತ್ತದೆ. ಹೋದದ್ದು ಒಂದರಿಂದ ಇನ್ನೊಂದಕ್ಕೆ ಹಾರುವಾಗಿನ ಪರದಾಟ. ಎಮ್ಯುಲೇಟರ್ ಓಡುತ್ತಿರುವಾಗಲೇ ರಿಟರ್ನ್ ಫೈಲ್ ಮಾಡಬಹುದು, ಮನೆಯಲ್ಲಿ ಜಗಳವಿಲ್ಲ. ಮಗನ ಕೆಲಸ ಬಿಟ್ಟರೆ ನಮಗೆ 16 ಧಾರಾಳವಾಗಿ ಸಾಕಿತ್ತು.

ಈಗ ಕೊಳ್ಳುವವರ ಪಾಡು ಬೇರೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಗೆ ಇದೇ ಸ್ಟಿಕ್ಕಿನ ಬೆಲೆ ನಾನು ಕೊಟ್ಟದ್ದರ ಎರಡರಷ್ಟನ್ನೂ ದಾಟಿತ್ತು. ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಅದರ ಒಡೆತನದ ಕಂಪನಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಈಗಾಗಲೇ ಕೊಂಡವರ ವಾರಂಟಿ ಮುಂದುವರಿಯುತ್ತದೆ ಎಂದಿದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಡೆ ಕಣ್ಣು ಹಾಯುವುದು ಸಹಜ. ಆಗ ತಪ್ಪಿ ಮುಂದಿನ ಪೀಳಿಗೆಯ ಡಿಡಿಆರ್5 ತರಬೇಡಿ: ಅದಕ್ಕೂ ಡೆಸ್ಕ್‌ಟಾಪಿನಲ್ಲಿ ಇದರಂತೆಯೇ 288 ಪಿನ್, ಆದರೆ ಕಚ್ಚು ಬೇರೆ ಕಡೆ ಇರುತ್ತದೆ, ಕೂರುವುದಿಲ್ಲ. ಅಂಗಡಿಯಲ್ಲೇ ಮೆಮ್‌ಟೆಸ್ಟ್ ಒಂದು ಸುತ್ತಾದರೂ ಮುಗಿಯುವವರೆಗೆ ದುಡ್ಡು ಕೊಡಬೇಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.