ಮರ್ದಿನಿ ಬ್ಲಾಕ್ ಪ್ರೆಸ್: ತಕ್ಕಡಿ ಇಟ್ಟುಕೊಳ್ಳದವರಿಗೆ ಅಲ್ಲ

ಪಾಯ ತೋಡಿದ ಮಣ್ಣನ್ನು ಟ್ರ್ಯಾಕ್ಟರಿಗೆ ದುಡ್ಡು ಕೊಟ್ಟು ಆಚೆ ಸಾಗಿಸಿ, ಮತ್ತೆ ದುಡ್ಡು ಕೊಟ್ಟು ಇಟ್ಟಿಗೆ ತರಿಸುವುದು ನಮ್ಮ ಕಡೆಯ ರೂಢಿ. ಅದೇ ಮಣ್ಣನ್ನು ಗೋಡೆಗೆ ಏರಿಸಬೇಕು ಅನ್ನುವವರಿಗೆ, ಮಣ್ಣನ್ನು ಒತ್ತಿ ಬ್ಲಾಕ್ ಮಾಡುವ ಮರ್ದಿನಿ ಕೈಯಂತ್ರ ಹಳೆಯ ಪರಿಚಯ. ಇದರ ಬೇರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ಅಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆಯೂ ಅದೇ ಮನೆಯ ಕೂಸು.

ಯಂತ್ರ ನೋಡಲು ಸರಳ: ದಪ್ಪ ತಗಡಿನ ಅಚ್ಚುಪೆಟ್ಟಿಗೆ, ಬೀಗ ಬೀಳುವ ಮುಚ್ಚಳ, ಎಳೆತವನ್ನು ಹಲವು ಪಟ್ಟು ಹೆಚ್ಚಿಸಿ ಒತ್ತುವ ಸನ್ನೆಕೋಲುಗಳ ಟಾಗಲ್ ಜೋಡಣೆ, ಉದ್ದನೆಯ ಹಿಡಿ. ಕರೆಂಟು ಬೇಡ, ಡೀಸೆಲ್ ಬೇಡ. ಮಣ್ಣು ತುಂಬಿ, ಮುಚ್ಚಳ ಬಿಗಿದು ಹಿಡಿ ಎಳೆದರೆ ತಳದ ಫಲಕ ಮೇಲೇರಿ ಮಣ್ಣನ್ನು ಒತ್ತುತ್ತದೆ. ಮುಚ್ಚಳ ತೆರೆದು ಮತ್ತೆ ಎಳೆದರೆ ಬ್ಲಾಕ್ ಮೇಲೆ ಬಂದು ನಿಲ್ಲುತ್ತದೆ. ಸಾಮಾನ್ಯವಾಗಿ ಸಿಗುವ ಅಚ್ಚುಗಳು ಎರಡು: 230×190×100 ಮಿ.ಮೀ. ಮತ್ತು 305×143×100 ಮಿ.ಮೀ. ಭಾರ ಹೊರುವ ಗೋಡೆಗೆ ಮೊದಲನೆಯದನ್ನೇ ಹಿಡಿಯಿರಿ.

ಹಿಡಿಯ ಓಟ ನಿಗದಿಯಾದದ್ದು. ಎಷ್ಟೇ ಮಣ್ಣು ಹಾಕಿದರೂ ಬ್ಲಾಕಿನ ಎತ್ತರ 100 ಮಿ.ಮೀ.ಗೇ ಬಂದು ನಿಲ್ಲುತ್ತದೆ. ಕೊಳ್ಳುವವರಲ್ಲಿ ಬಹಳ ಮಂದಿ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ಬ್ಲಾಕ್ ಗಟ್ಟಿಯೋ ಟೊಳ್ಳೋ ಎಂಬುದು ಎಳೆಯುವವನ ರಟ್ಟೆಯ ಮೇಲಲ್ಲ, ಅಚ್ಚಿಗೆ ಬಿದ್ದ ಮಣ್ಣಿನ ತೂಕದ ಮೇಲೆ ನಿಂತಿದೆ. 230×190×100ರ ಗಾತ್ರ 4.37 ಲೀಟರ್. ಲೀಟರಿಗೆ 1.8 ಕೆ.ಜಿ. ಒಣ ಸಾಂದ್ರತೆ ಬೇಕೆಂದರೆ ಒಣ ಮಣ್ಣು 7.9 ಕೆ.ಜಿ.; ಶೇ. 10ರಷ್ಟು ನೀರು ಸೇರಿ 8.7 ಕೆ.ಜಿ. ಪ್ರತಿ ಬ್ಲಾಕಿಗೂ ಇಷ್ಟು ತೂಗಿಯೇ ಹಾಕಬೇಕು. ಬಾಣಲಿಯಲ್ಲಿ ಅಂದಾಜಿಗೆ ಸುರಿದರೆ ಅರ್ಧ ಕೆ.ಜಿ. ಆಚೀಚೆ ಆಗುವುದು ಮಾಮೂಲು. ಅರ್ಧ ಕೆ.ಜಿ. ಕಡಿಮೆ ಬಿದ್ದರೆ ಸಾಂದ್ರತೆ ಸುಮಾರು ಶೇ. 6 ಇಳಿಯಿತು, ಬಲ ಅದಕ್ಕಿಂತ ಎಷ್ಟೋ ಹೆಚ್ಚು ಇಳಿಯುತ್ತದೆ. ಕಣ್ಣಿಗೆ ಮಾತ್ರ ಎರಡೂ ಬ್ಲಾಕ್ ಒಂದೇ ಥರ ಕಾಣುತ್ತವೆ. ಹಾಗಾಗಿ 10 ಕೆ.ಜಿ. ತೂಗುವ ತಕ್ಕಡಿಯೊಂದನ್ನು ಯಂತ್ರದ ಭಾಗ ಅಂತಲೇ ತಿಳಿಯಬೇಕು. ಹಿಡಿಯೂ ಸುಳಿವು ಕೊಡುತ್ತದೆ. ಸರಿಯಾದ ತೂಕ ಬಿದ್ದಾಗ ಇಬ್ಬರು ಮೈಭಾರ ಹಾಕಿ ಎಳೆಯಬೇಕಾಗುತ್ತದೆ. ಒಬ್ಬನೇ ಹಗುರವಾಗಿ ಎಳೆದ ಬ್ಲಾಕನ್ನು ಪುಡಿಮಾಡಿ ರಾಶಿಗೆ ಹಾಕಿ.

ಇನ್ನು ಮಣ್ಣು. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಮ್ಮಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಆದರೆ ಇದ್ದ ಹಾಗೆ ಅಲ್ಲ. ಅದರಲ್ಲಿ ಜೇಡಿ ಹಲವು ಕಡೆ ಶೇ. 30ರ ಹತ್ತಿರ ಇರುತ್ತದೆ; ಬೇಕಾದದ್ದು 10ರಿಂದ 15. ಅಷ್ಟೇ ತೂಕದ ಕ್ವಾರಿ ಡಸ್ಟ್ (ಜಲ್ಲಿ ಕ್ರಷರಿನ ಕಲ್ಲುಪುಡಿ) ಬೆರೆಸಿದರೆ 15ಕ್ಕೆ ಇಳಿಯುತ್ತದೆ, ಎರಡರಷ್ಟು ಬೆರೆಸಿದರೆ 10ಕ್ಕೆ. ಜೇಡಿ ಹೆಚ್ಚಾದ ಬ್ಲಾಕ್ ಅಚ್ಚಿನಿಂದ ಚೆಂದವಾಗಿ, ನುಣುಪಾಗಿ ಹೊರಬರುತ್ತದೆ. ಒಂದು ವಾರಕ್ಕೆ ಕೂದಲೆಳೆ ಬಿರುಕು ಕಾಣಿಸುತ್ತದೆ, ಮಳೆಗೆ ಮೆತ್ತಗಾಗುತ್ತದೆ. ಜೇಡಿ ತೀರ ಕಡಿಮೆಯಾದರೆ ಅಚ್ಚಿನಿಂದ ಎತ್ತುವಾಗಲೇ ಮೂಲೆ ಉದುರುತ್ತದೆ. ಹುಬ್ಬಳ್ಳಿ, ಗದಗ, ವಿಜಯಪುರ ಕಡೆಯ ಎರೆಮಣ್ಣಿಗೆ ಈ ಯಂತ್ರ ತರಲೇಬೇಡಿ. ಅದು ನೀರು ಕುಡಿದು ಉಬ್ಬುವ ಜೇಡಿ, ಸಿಮೆಂಟಿಗೆ ಬಗ್ಗುವುದಿಲ್ಲ. ಕರಾವಳಿಯವರಿಗೂ ಇದರ ಅಗತ್ಯ ಕಾಣೆ: ನೆಲದಿಂದಲೇ ಕೆಂಪುಕಲ್ಲು ಕೊಯ್ದು ತರುವ ಊರಲ್ಲಿ ಮಣ್ಣು ಒತ್ತುತ್ತಾ ಕೂರುವುದೇಕೆ?

ಜೇಡಿ ಅಳೆಯಲು ಲ್ಯಾಬಿಗೆ ಕೊಟ್ಟರೆ ಒಳ್ಳೆಯದು. ಅದಕ್ಕೆ ಮುಂಚೆ ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ಅದರ ಮೇಲೆ ಹೂಳು, ಮರುದಿನಕ್ಕೆ ಎಲ್ಲಕ್ಕೂ ಮೇಲೆ ಜೇಡಿ. ಜೇಡಿ ನೀರಿನಲ್ಲಿ ಉಬ್ಬಿರುವುದರಿಂದ ಆ ಪದರ ನಿಜಕ್ಕಿಂತ ದಪ್ಪ ತೋರುತ್ತದೆ; ಓದುವಾಗ ನೆನಪಿರಲಿ. ಮೇಲಿನ ಒಂದರಿಂದ ಒಂದೂವರೆ ಅಡಿ ಮಣ್ಣಿನಲ್ಲಿ ಬೇರು, ಗೊಬ್ಬರದ ಅಂಶ ಇರುತ್ತದೆ. ಅದನ್ನು ತೋಟಕ್ಕೆ ಬಿಟ್ಟು ಕೆಳಗಿನದನ್ನು ತೆಗೆದುಕೊಂಡು 5 ಮಿ.ಮೀ. ಜರಡಿ ಹಿಡಿಯಿರಿ. 10,000 ಲೀಟರಿನ ಸಂಪಿಗೆ ತೋಡಿದ 10 ಘನ ಮೀಟರ್ ಮಣ್ಣು ಸುಮಾರು 16 ಟನ್ ತೂಗುತ್ತದೆ. ಅಷ್ಟೇ ಡಸ್ಟ್ ಸೇರಿದರೆ ಲೆಕ್ಕದಲ್ಲಿ 4,000 ಬ್ಲಾಕಿಗೆ ಸಾಕು. ಮಣ್ಣನ್ನೂ ದುಡ್ಡು ಕೊಟ್ಟು ತರಿಸಬೇಕಾದ ಸೈಟಿನಲ್ಲಿ ಮಾತ್ರ ಉಳಿತಾಯದ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಕಾಂಕ್ರೀಟ್ ಬ್ಲಾಕೇ ವಾಸಿ.

ಸಿಮೆಂಟ್ ತೂಕದಲ್ಲಿ ಶೇ. 7, ಎರಡು ಅಂತಸ್ತಿನ ಮನೆಯ ಕೆಳಮಹಡಿಗೆ 8. 50 ಕೆ.ಜಿ. ಚೀಲಕ್ಕೆ 80ರಿಂದ 90 ಬ್ಲಾಕ್ ಬರುತ್ತದೆ. ಬಣ್ಣ ಒಂದೇ ಸಮ ಆಗುವವರೆಗೂ ಒಣದಾಗಿಯೇ ಕಲಸಿ, ಆಮೇಲೆ ಹೂಜಾರಿಯಲ್ಲಿ ನೀರು ಚಿಮುಕಿಸಿ. ಪೈಪಿನಲ್ಲಿ ಸುರಿದರೆ ಉಂಡೆ ಕಟ್ಟುತ್ತದೆ, ಆ ಉಂಡೆಯ ಒಳಗೆ ಸಿಮೆಂಟ್ ಹೋಗುವುದಿಲ್ಲ. ಒಂದು ಸಲಕ್ಕೆ ಅರ್ಧ ಚೀಲಕ್ಕಿಂತ ಹೆಚ್ಚು ಕಲಸಬೇಡಿ, ಅರ್ಧ ಗಂಟೆಯಲ್ಲಿ ಮುಗಿಯಬೇಕು. ಮೇಸ್ತ್ರಿಗಳು ಬೆಳಗ್ಗೆಯೇ ದೊಡ್ಡ ರಾಶಿ ಕಲಸಿಟ್ಟು ಊಟದ ಹೊತ್ತಿನವರೆಗೆ ಒತ್ತುವುದುಂಟು. ಅಷ್ಟರಲ್ಲಿ ಸಿಮೆಂಟ್ ಸೆಟ್ ಆಗತೊಡಗಿ, ಒತ್ತಿದಾಗ ಆ ಬೆಸುಗೆ ಮುರಿಯುತ್ತದೆ. ಹದ ನೋಡುವುದು ಹೀಗೆ: ಮುಷ್ಟಿಯಲ್ಲಿ ಉಂಡೆ ಮಾಡಿ ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಸರಿ. ಪುಡಿಯಾದರೆ ನೀರು ಸಾಲದು, ಮುದ್ದೆಯಾಗಿಯೇ ಉಳಿದರೆ ಹೆಚ್ಚಾಗಿದೆ.

ದಿನಕ್ಕೆ ಎಷ್ಟು? ಆರೇಳು ಜನ ಕೈ ಹೊಂದಿಸಿಕೊಂಡರೆ 400ರ ಆಸುಪಾಸು. ಮಾರುವವರು ಇದಕ್ಕಿಂತ ದೊಡ್ಡ ಸಂಖ್ಯೆ ಹೇಳಿದರೆ ಕೇಳಿ ಸುಮ್ಮನಿರಿ. 400 ಅಂದರೆ ಮೂರೂವರೆ ಟನ್ ಒದ್ದೆ ಮಣ್ಣು. ಅದನ್ನು ಜರಡಿ ಹಿಡಿದು, ಕಲಸಿ, ತೂಗಿ, ತುಂಬಿ, ಒತ್ತಿ, ಹೊತ್ತು ಜೋಡಿಸಬೇಕು. ಗಂಡ ಹೆಂಡತಿ ಇಬ್ಬರೇ ಶನಿವಾರ ಭಾನುವಾರ ಒತ್ತಿ ಮನೆ ಮುಗಿಸುತ್ತೇವೆ ಅನ್ನುವವರು ಈ ಲೆಕ್ಕವನ್ನು ಮೊದಲು ಹಾಕಿಕೊಳ್ಳಬೇಕು. 12 ಮಿ.ಮೀ. ಗಾರೆಯ ಸಂದು ಬಿಟ್ಟು 190 ಮಿ.ಮೀ. ದಪ್ಪದ ಗೋಡೆ ಕಟ್ಟಿದರೆ ಚದರ ಮೀಟರಿಗೆ 37 ಬ್ಲಾಕ್. ಹತ್ತಡಿಗೆ ಹತ್ತಡಿಯ ಒಂದು ಗೋಡೆಗೇ 345 ಬೇಕು, ಒಡೆದದ್ದು ಸೇರಿ 360 ಇಟ್ಟುಕೊಳ್ಳಿ.

ಒತ್ತಿದ ಮರುದಿನದಿಂದ 21 ದಿನ ನೀರುಣಿಸಬೇಕು. ಐದಾರು ಸಾಲಿಗಿಂತ ಎತ್ತರ ಪೇರಿಸದೆ, ಗೋಣಿತಾಟು ಇಲ್ಲವೇ ಒಣಹುಲ್ಲು ಹೊದಿಸಿ, ಅದು ಒಣಗದಂತೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ನೀರು ಚಿಮುಕಿಸಬೇಕಾಗುತ್ತದೆ. 28 ದಿನ ತುಂಬಿದ ಮೇಲೆ ರಾಶಿಯ ಬೇರೆ ಬೇರೆ ಕಡೆಯಿಂದ ಕೆಲವು ಬ್ಲಾಕ್ ತೆಗೆದು 48 ಗಂಟೆ ನೀರಿನಲ್ಲಿ ಮುಳುಗಿಸಿ, ಒದ್ದೆಯಾಗಿಯೇ ಒಡೆಸಿ ನೋಡಿ. ಒಣ ಬ್ಲಾಕಿನ ಅಂಕಿ ತೋರಿಸುವ ವರದಿಯನ್ನು ನಂಬಬೇಡಿ. ನೆನೆದಾಗ ಅದರ ಅರ್ಧ ಬಲವೂ ಉಳಿಯದಿರಬಹುದು. ಭಾರತೀಯ ಮಾನಕ ಐಎಸ್ 1725 ಇರುವುದು ಈ ಬ್ಲಾಕುಗಳಿಗಾಗಿಯೇ, ಲ್ಯಾಬಿನವರಿಗೆ ಅದರ ಪ್ರಕಾರವೇ ಪರೀಕ್ಷೆ ಮಾಡಲು ಹೇಳಿ.

ಕಟ್ಟುವಾಗ ಬರೀ ಸಿಮೆಂಟ್ ಮರಳಿನ ಗಾರೆ ಬೇಡ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮಣ್ಣು, ಆರು ಪಾಲು ಮರಳು ಹಾಕಿದ ಗಾರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬ್ಲಾಕಿಗೆ ಚೆನ್ನಾಗಿ ಅಂಟುತ್ತದೆ, ಬಣ್ಣವೂ ಹೊಂದುತ್ತದೆ. ಪಾಯ ಸೈಜುಗಲ್ಲಿನದೇ ಇರಲಿ, ನೆಲದಿಂದ ಒಂದೂವರೆ ಅಡಿ ಮೇಲೆ ಬಂದ ಮೇಲಷ್ಟೇ ಮಣ್ಣಿನ ಬ್ಲಾಕ್ ಶುರುವಾಗಲಿ. ಸೂರು ಎರಡಡಿ ಆಚೆ ಚಾಚಿರಲಿ. ಬಚ್ಚಲಿನ ಗೋಡೆಗೆ ಪ್ಲಾಸ್ಟರಿಂಗ್, ಟೈಲ್ಸ್ ಬೇಕೇ ಬೇಕು; ಉಳಿದ ಕಡೆ ಸಂದುಗಳನ್ನು ಚೊಕ್ಕವಾಗಿ ತೀಡಿ ಹಾಗೇ ಬಿಡಬಹುದು. ಪ್ಲಾಸ್ಟರಿಂಗ್ ತಪ್ಪುವುದೇ ಇಲ್ಲಿ ದೊಡ್ಡ ಉಳಿತಾಯ.

ಮರ್ದಿನಿಯನ್ನು ಆರೋವಿಲ್‌ನ ಆರಂ 3000 ಎಂಬ ಬ್ಲಾಕ್ ಯಂತ್ರದ ಜೊತೆ ಹೋಲಿಸಿ ಕೇಳುವವರಿದ್ದಾರೆ. ಅದಕ್ಕೆ ಬಗೆಬಗೆಯ ಅಚ್ಚು ಹಾಕಬಹುದು, ಕಮಾನಿಗೆ, ಟೊಳ್ಳು ಬ್ಲಾಕಿಗೆ ಅದೇ ಸರಿ. ಬರೀ ನೇರ ಗೋಡೆಯ ಒಂದು ಮನೆಗೆ ಮರ್ದಿನಿ ಸಾಕು.

ಒಂದೇ ಮನೆಗಾದರೆ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಜಾಣತನ. ಆದರೆ ಬಾಡಿಗೆ ಯಂತ್ರಗಳು ಕ್ವಾರಿ ಡಸ್ಟ್ ತಿಂದು ಸವೆದಿರುತ್ತವೆ. ಅಚ್ಚಿನ ಒಳಗೋಡೆಯ ತಗಡು ನಡುವೆ ತೆಳ್ಳಗಾದರೆ ಬ್ಲಾಕ್ ಹೊಟ್ಟೆ ಉಬ್ಬಿಕೊಂಡು ಬರುತ್ತದೆ, ಎತ್ತುವಾಗ ಸಿಕ್ಕಿಕೊಂಡು ಬಿರಿಯುತ್ತದೆ. ಡೀಸೆಲ್ ಬೆರೆಸಿದ ಹಳೆ ಎಂಜಿನ್ ಆಯಿಲನ್ನು ಹತ್ತು ಬ್ಲಾಕಿಗೊಮ್ಮೆ ಅಚ್ಚಿಗೆ ಸವರಿದರೆ ಸವೆತ ಕಡಿಮೆ, ಆದದ್ದು ವಾಪಸ್ ಬರುವುದಿಲ್ಲ. ಯಂತ್ರವನ್ನು ದಪ್ಪ ಮರದ ದಿಮ್ಮಿಗಳಿಗೆ ಬೋಲ್ಟ್ ಹಾಕಿ ನಿಲ್ಲಿಸದಿದ್ದರೆ ಪ್ರತಿ ಎಳೆತಕ್ಕೂ ಬುಡ ಏಳುತ್ತದೆ. ಹಿಡಿ ಹಿಂದಕ್ಕೆ ಹಾರುವ ದಿಕ್ಕಿನಲ್ಲಿ ಯಾರನ್ನೂ ನಿಲ್ಲಿಸಬೇಡಿ. ಬಾಡಿಗೆ ಮಾತಾಡುವ ಮುಂಚೆ ಅಲ್ಲೇ ಮೂರು ಬ್ಲಾಕ್ ಒತ್ತಿಸಿ, ನಾಲ್ಕೂ ಮೂಲೆಯ ಎತ್ತರವನ್ನು ಸ್ಕೇಲಿನಲ್ಲಿ ಅಳೆಯಿರಿ. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಟಾಗಲ್ಲಿನ ಪಿನ್ನು, ಬುಷ್ ಬದಲಿಸಿಕೊಡುವವರೆಗೆ ಮುಂಗಡ ಕೊಡಬೇಡಿ.